ಸಮುದ್ರಕ್ಕೆ ಬೆನ್ನು ಕೊಟ್ಟವರು

ಅನಗೋಳದ ಆ ಓಣಿಯಲ್ಲಿ ಯಾರು ಗೋವಾಕ್ಕೆ ಹೊರಟರೂ ಬಿಂದುಮಾಧವರ ಉಪದೇಶ ಪಡೆಯದೆ ಪಾರಾಗುವಂತಿರಲಿಲ್ಲ. ಘಾಟಿನಲ್ಲಿ ಎಲ್ಲಿ ಮಂಜು, ಯಾವ ದಂಡೆಯಲ್ಲಿ ಕಾಲಿಡಬೇಕು, ಸಮುದ್ರದ ಭರತ ಯಾವಾಗ, ಇಳಿತ ಯಾವಾಗ ಎಂಬುದನ್ನೆಲ್ಲ ಕೇಳದವರಿಗೂ ಹೇಳುತ್ತಿದ್ದರು. (ಈ ಸಾಗರಜ್ಞಾನವನ್ನು ಅವರು ಹಿಂದೊಮ್ಮೆ ಆಫೀಸಿನ ತರಬೇತಿಗೆಂದು ಗೋವಾಕ್ಕೆ ಹೋದಾಗ ಬಸ್ಸಿನ ಕಿಟಕಿಯಿಂದ ಸಂಪಾದಿಸಿದ್ದರೆಂಬುದು ಹೆಂಡತಿ ಕೇತಕಿಗೆ ಮಾತ್ರ ಗೊತ್ತಿತ್ತು.)

ಬಾಜು ಮನೆಯ ಉಳವಪ್ಪನ ತಾಯಿ ಬಾಳವ್ವ ಖಾನಾಪುರದಲ್ಲಿ ಹುಟ್ಟಿ, ಗೋವಾದ ರೈಲುಗಳನ್ನು ನೋಡುತ್ತ ಬೆಳೆದವಳು, ಹತ್ತಿದವಳಲ್ಲ. ಸಾಯುವುದರೊಳಗೆ ಒಮ್ಮೆ ಸಮುದ್ರ ನೋಡಬೇಕೆಂದು ಅವಳಿಗೆ ಆಸೆ. ಉಳವಪ್ಪ ಪ್ರತಿ ವರ್ಷ ಬಂದು ಸಲಹೆ ಕೇಳುತ್ತಿದ್ದ. ಮಳೆಗಾಲದಲ್ಲಿ ಘಾಟು ಕುಸಿಯುತ್ತದೆ, ಬೇಸಿಗೆಯಲ್ಲಿ ಮರಳು ಸುಡುತ್ತದೆ, ಚಳಿಗಾಲದಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂದು ಬಿಂದುಮಾಧವರು ಪ್ರತಿ ವರ್ಷ ವಿವರಿಸುತ್ತಿದ್ದರು. ಮುದುಕಿ ಪ್ರತಿ ವರ್ಷ ಮನೆಯಲ್ಲೇ ಉಳಿಯುತ್ತಿದ್ದಳು.

ಈ ಸಲ ಕೇತಕಿಗೆ ತಡೆದುಕೊಳ್ಳಲಾಗಲಿಲ್ಲ.

“ವರ್ಷಕ್ಕ ಇರೂದ ಮೂರು ಕಾಲ. ನೀವು ಮೂರನ್ನೂ ಬಂದ್ ಮಾಡೀರಿ. ನಾಳೆ ಎಲ್ಲಾರೂ ಕೂಡೇ ಹೊರಡೂಣು.”

ಉಳವಪ್ಪ ತನ್ನ ಕಾರು ತೆಗೆದ. ಘಾಟಿನಲ್ಲಿ ಹೊಟ್ಟೆ ತೊಳಸುತ್ತದೆ, ಏನೂ ತಿನ್ನಬೇಡಿ ಎಂದು ಬಿಂದುಮಾಧವರು ದಾರಿಯುದ್ದಕ್ಕೂ ಬಾಳವ್ವನಿಗೆ ಬುದ್ಧಿ ಹೇಳಿದರು. ಲೋಂಡಾ ದಾಟಿ ತಿರುವುಗಳು ಶುರುವಾದಾಗ ಆಕೆ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಸಾವಕಾಶ ತಿನ್ನುತ್ತಿದ್ದಳು. ಕಿಟಕಿಯಿಂದ ತಲೆ ಹೊರಗೆ ಹಾಕಿದ್ದವರು ಬಿಂದುಮಾಧವರು.

ದಂಡೆಯಲ್ಲಿ ಬಾಳವ್ವ ನಿಂತುಬಿಟ್ಟಳು. ಇಷ್ಟು ನೀರನ್ನು ಒಮ್ಮೆಗೇ ನೋಡಿ ಅವಳ ಕಣ್ಣಲ್ಲೂ ಸ್ವಲ್ಪ ಬಂದಿತ್ತು. ಸೀರೆ ಎತ್ತಿ ಹಿಡಿದು ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಬಿಂದುಮಾಧವರು, ಇದಕ್ಕೆಂದೇ ಉಟ್ಟಿದ್ದ ಹೊಸ ಲುಂಗಿಯನ್ನು ಬಿಗಿಮಾಡಿಕೊಂಡು, ಅವಳ ಮತ್ತು ಅರಬ್ಬೀ ಸಮುದ್ರದ ನಡುವೆ ಕರಿಹಲಗೆಯ ಮುಂದಿನ ಮಾಸ್ತರರಂತೆ ಬಂದು ನಿಂತರು.

“ನೂರು ಮಾತಿಗೆ ಒಂದ ಮಾತು, ಬಾಳವ್ವಾರ. ಸಮುದ್ರಕ್ಕ ಯಾವತ್ತೂ ಬೆನ್ನು ಕೊಡಬಾರದು. ಯಾಕಂದ್ರ—”

ಕಾರಣವನ್ನು ಸಮುದ್ರವೇ ಹಿಂದಿನಿಂದ ಬಂದು ಹೇಳಿತು. ಬಿಂದುಮಾಧವರು ಮುಗ್ಗರಿಸಿದರು, ಮುಳುಗಿದರು, ಉಪ್ಪುನೀರು ಕುಡಿದರು. ಬಾಳವ್ವ ಅವರ ಕಾಲರು ಹಿಡಿದಳು, ಉಳವಪ್ಪ ತೋಳು ಹಿಡಿದ. ಲುಂಗಿಯನ್ನು ಹಿಡಿಯುವವರು ಯಾರೂ ಇರಲಿಲ್ಲವಾಗಿ ವರುಣದೇವನು ಅದನ್ನು ಕಪ್ಪಕಾಣಿಕೆಯೆಂದು ಸ್ವೀಕರಿಸಿದನು.

ಬಾಳವ್ವ ಬದಲಿಗೆಂದು ತಂದಿದ್ದ ಇಳಕಲ್ ಸೀರೆಯನ್ನು ಸುತ್ತಿಕೊಂಡು ಅವರು ಮರಳಿನ ಮೇಲೆ ಕೂತರು. ಮೊಣಕಾಲುದ್ದ ನೀರಿನಲ್ಲಿ ಹುಡುಗಿಯಂತೆ ಆಡಿ ಬಂದ ಮುದುಕಿ ಅವರ ಪಕ್ಕ ಕೂತು ಸಮಾಧಾನ ಹೇಳಿದಳು.

“ನಾಚಬ್ಯಾಡ್ರಿ ಸಾಹೇಬ್ರ. ನೀವು ಹೇಳದಿದ್ರ ನಾನೂ ಬೆನ್ನು ಕೊಟ್ಟ ನಿಂದರತಿದ್ದೆ.”

ಬಿಂದುಮಾಧವರು ಅವಳ ಮುಖದಲ್ಲಿ ಅಣಕವನ್ನು ಹುಡುಕಿದರು. ಇರಲಿಲ್ಲ. ಅದೇ ಅವರಿಗೆ ಹೆಚ್ಚು ಚುಚ್ಚಿತು. ಇನ್ನು ಈ ಜನ್ಮದಲ್ಲಿ ಯಾರಿಗೂ ಉಪದೇಶ ಮಾಡುವುದಿಲ್ಲವೆಂದು ಅಲ್ಲೇ ನಿಶ್ಚಯಿಸಿದರು.

ಊರಿಗೆ ಬಂದಮೇಲೂ ಅದನ್ನು ಪಾಲಿಸಿದರು. ಹಿಂದಿನ ಓಣಿಯ ಶಿವಲಿಂಗ ಹೆಂಡತಿಯೊಡನೆ ಬಂದು, ಐತವಾರ ಗೋವಾಕ್ಕೆ ಹೊರಟಿದ್ದೇವೆ ಎಂದಾಗ, ತಾವು ಸಲಹೆ ಕೊಡುವುದನ್ನು ಬಿಟ್ಟಿರುವುದಾಗಿ ಗಂಭೀರವಾಗಿ ತಿಳಿಸಿದರು.

“ಸಲಹೆ ಯಾರಿಗೆ ಬೇಕಾಗೇತ್ರಿ,” ಎಂದ ಶಿವಲಿಂಗ ಬಹಳ ವಿನಯದಿಂದ. “ನೀವ ಬರ್ರಿ. ‘ಸಾಹೇಬ್ರನ್ನ ಮುಂದ ನಿಂದರಸ್ರಿ, ತೆರಿ ಎಷ್ಟು ಜೋರೈತಿ ಅನ್ನೂದು ತಾನ ಗೊತ್ತಾಕ್ಕೈತಿ’ ಅಂತ ಬಾಳವ್ವ ಹೇಳ್ಯಾಳ.”

ಎಷ್ಟು ಗಂಟೆಗೆ ಹೊರಡಬೇಕೆಂದು ಕೇತಕಿ ಒಳಗಿನಿಂದಲೇ ವಿಚಾರಿಸಿದಳು.