ಬಟ್ಟಲಿನ ಹಗ್ಗವು ಕಾವಲುಗಾರರ ಕುರ್ಚಿಯತ್ತ ತಿರುಗಿರುವ ಬಗ್ಗೆ

ನಗರ ಕಲೆ ಮತ್ತು ಪುರಾತನ ವಸ್ತು ಸಂಗ್ರಹಾಲಯ
ವಿಟಿ ಲೆವು, ಫಿಜಿ

ಸಂಖ್ಯೆ: ಪುವಸಂ/ಬಟ್ಟಲು/ಹಗ್ಗ/7(ಕುರ್ಚಿ)

ವಿಷಯ: ಎರಡನೇ ಕೊಠಡಿಯಲ್ಲಿ ಕೂರುವುದು, ನಿಲ್ಲುವುದು ಹಾಗೂ ಎರಡನ್ನೂ ಮಾಡದಿರುವುದು.

ಉಲ್ಲೇಖ: 1. ಕಾವಲುಗಾರ ಶ್ರೀ ವೈಸೇಯ ಅವರ ಮನವಿಗಳು (ಹನ್ನೊಂದು).
2. ಸದರಿ ಮನವಿಗಳಿಗೆ ಈ ಕಚೇರಿಯ ಉತ್ತರ (ಇಲ್ಲ).

ಸಭೆಗಳಲ್ಲಿ ಕುಡಿಯುವ ಯಂಗೋನ ಬೇರಿನ ಪಾನೀಯ ಕಲಸುವ ಮರದ ಬಟ್ಟಲಿಗೆ ಕವಡೆ ಕಟ್ಟಿದ ಹಗ್ಗವಿದ್ದು, ಅದು ಯಾರತ್ತ ಚಾಚಿರುವುದೋ ಅವರೇ ಸಭೆಯ ಹಿರಿಯರೆಂಬುದು ಸರ್ವವಿದಿತ. ನಮ್ಮ ಬಟ್ಟಲಿನ ಹಗ್ಗ ಒಂಬತ್ತು ವರ್ಷ ಗೋಡೆಯತ್ತ ಚಾಚಿತ್ತು. ಗೋಡೆಯಿಂದ ಯಾವುದೇ ದೂರು ಬಂದಿರುವುದಿಲ್ಲ. ಫೆಬ್ರವರಿಯಲ್ಲಿ ಸ್ವಚ್ಛತಾ ಸಿಬ್ಬಂದಿ ಶ್ರೀಮತಿ ಮೇರೆಸೇಯಿನಿ ಅವರು ಧೂಳು ಒರೆಸಿ ಬಟ್ಟಲನ್ನು ಮರಳಿ ಇಟ್ಟಾಗ ಹಗ್ಗವು ಕಾವಲುಗಾರರ ಕುರ್ಚಿಯತ್ತ ತಿರುಗಿರುತ್ತದೆ. ಅಂದಿನಿಂದ ಸಂದರ್ಶಕರು ನೆಲದ ಮೇಲೆ ಕುಳಿತು ವೈಸೇಯ ಅವರಿಗೆ ಗೌರವಾರ್ಥ ಮೂರು ಸಲ ಚಪ್ಪಾಳೆ ತಟ್ಟುತ್ತಿದ್ದು, ಮೂರನೇ ಕೊಠಡಿಯ ಚಿತ್ರಗಳನ್ನು ಯಾರೂ ನೋಡುತ್ತಿಲ್ಲ.

ಬಟ್ಟಲನ್ನು ತಿರುಗಿಸಲು ವಸ್ತು ಚಲನಾ ಸಮಿತಿಯ ಅನುಮತಿ ಕಡ್ಡಾಯ. ಸಮಿತಿ ಇನ್ನೂ ರಚನೆಯಾಗಿಲ್ಲ.

ಈ ನಡುವೆ ವೈಸೇಯ ಅವರು, ಮೊಣಕಾಲು ನೋವಿಗೆಂದು ಮಂಜೂರಾದ ಕುರ್ಚಿಯಲ್ಲಿ ಕೂರದೆ, ಹಗ್ಗದ ಮುಂದೆ ನಿಲ್ಲಲೂ ಒಪ್ಪದೆ, ಕಂಬದ ಹಿಂದೆ ನೆಲದ ಮೇಲೆ ಇರುತ್ತಿದ್ದಾರೆ. ಸೋಮವಾರದೊಳಗೆ ಕುರ್ಚಿಯಲ್ಲಿ ಕೂರದಿದ್ದರೆ ಕೆಲಸದಿಂದ ತೆಗೆಯಲಾಗುವುದೆಂದು ನೋಟಿಸು ನೀಡಲಾಯಿತು. ಅವರ ಹೇಳಿಕೆ ಯಥಾವತ್ತಾಗಿ:

"ಈ ಬಟ್ಟಲು ನಮ್ಮೂರದ್ದು ಸಾಹೇಬ್ರೇ. ನಮ್ಮಜ್ಜ ಸೈರುಸಿ ಮೂವತ್ತು ವರ್ಷ ಇದರಲ್ಲೇ ಕಲಸಿ ಎಲ್ಲರಿಗೂ ಹಂಚಿದೋರು. ಒಂದು ದಿನಾನೂ ಹಗ್ಗ ಅವರ ಕಡೆ ತಿರುಗಿದ್ದಿಲ್ಲ. ನಾನು ಅದರ ತುದೀಲಿ ಕುರ್ಚಿ ಹಾಕ್ಕೊಂಡು ಕೂತ್ರೆ, ನಾಳೆ ಸತ್ತ ಮೇಲೆ ಯಾವ ಮುಖ ಹೊತ್ಕೊಂಡು ಅಜ್ಜನ ಮುಂದೆ ಹೋಗ್ಲಿ? ಕೆಲಸದಿಂದ ತೆಗೀತೀರಾ, ತೆಗೀರಿ. ಕೂರಲ್ಲ."

ಮೇರೆಸೇಯಿನಿ ಅವರ ಹೇಳಿಕೆ: "ತಿರುಗಿಸಿದ್ದು ನಾನೇ. ಒಂಬತ್ತು ವರ್ಷ ಗೋಡೆಗೆ ಮರ್ಯಾದೆ ಮಾಡಿಸಿದ್ರಲ್ಲ, ಆಗ ಯಾರೂ ನೋಟಿಸು ಕೊಡಲಿಲ್ಲ. ವೈಸೇಯಣ್ಣಂದು ಬರೀ ಹಠ. ಆದ್ರೆ ಒಳ್ಳೇ ಹಠ, ಬರ್ಕೊಳ್ಳಿ."

ಬರೆದುಕೊಳ್ಳಲಾಗಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಸಮಸ್ತರಿಗೂ ಈ ಮೂಲಕ ಸೂಚಿಸಲಾಗಿದೆ:

1. ಬಟ್ಟಲಿರುವ ಗಾಜಿನ ಪೆಟ್ಟಿಗೆಯ ಮುಂದೆ "ತುಲೌ, ತುಲೌ" ಎಂದು ಅಪ್ಪಣೆ ಕೇಳುತ್ತ ಹಾಯುವವರು ಪೆಟ್ಟಿಗೆಯ ಬೀಗಕ್ಕಿಂತ ಕೆಳಗೆ ಬಗ್ಗತಕ್ಕದ್ದು. ಬೀಗದ ಎತ್ತರವನ್ನು ಬಗ್ಗಿಯೇ ಅಳೆಯತಕ್ಕದ್ದು.

2. ಹಗ್ಗದ ದಾರಿಯನ್ನು ಯಾರೂ ಅಡ್ಡ ಹಾಯುವಂತಿಲ್ಲ. ಮೂರನೇ ಕೊಠಡಿಗೆ ಹೋಗಬೇಕಾದವರು ಹೊರಗೆ ಹೋಗಿ, ಕಟ್ಟಡ ಸುತ್ತಿ, ಹಿಂಬಾಗಿಲಿನಿಂದ ಬರತಕ್ಕದ್ದು. ಬೆಂಕಿ ಅವಘಡದ ಸಂದರ್ಭಕ್ಕೂ ಇದು ಅನ್ವಯಿಸುತ್ತದೆ.

3. ಚಪ್ಪಾಳೆಯನ್ನು ಕುರ್ಚಿಗೆ ಮಾತ್ರ ತಟ್ಟತಕ್ಕದ್ದು. ಕುಳಿತವರು ಅದನ್ನು ವೈಯಕ್ತಿಕವಾಗಿ ಸ್ವೀಕರಿಸುವಂತಿಲ್ಲ.

4. ಕುರ್ಚಿ ನಿರುಪದ್ರವಿ ಎಂದು ಸಾಬೀತುಪಡಿಸಲು ಮಂಗಳವಾರ ನಿರ್ದೇಶಕರೇ ಖುದ್ದಾಗಿ ಅದರಲ್ಲಿ ಕುಳಿತರು. ನಲವತ್ತು ಶಾಲಾ ಮಕ್ಕಳು ಚಪ್ಪಾಳೆ ತಟ್ಟಿದರು. ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಯಂಗೋನ ಬೇರಿನ ಕಟ್ಟನ್ನು ಮುಂದಿಟ್ಟು, "ನಮ್ಮೂರ ಸೇತುವೆ ಯಾವಾಗ ಕಟ್ಟಿಸ್ತೀಯಪ್ಪ?" ಎಂದು ಕೇಳಿದರು. ಹಿರಿಯರು ಏಳದೆ ಯಾರೂ ಏಳುವಂತಿಲ್ಲ; ಉತ್ತರ ಹೇಳದೆ ಹಿರಿಯರು ಏಳುವಂತಿಲ್ಲ. ಎರಡೂವರೆ ಗಂಟೆಯ ನಂತರ ಅಜ್ಜಿಗೆ ಬಸ್ಸಿನ ಹೊತ್ತಾದುದರಿಂದ ಸಭೆ ಮುಗಿಯಿತು. ತದನಂತರ ನಿರ್ದೇಶಕರು ಕಂಬದ ಹಿಂದೆ, ವೈಸೇಯ ಅವರ ಪಕ್ಕದಲ್ಲಿ, ನೆಲದ ಮೇಲೆ ಕಂಡುಬಂದರು.

5. ಆದ ಕಾರಣ ನೋಟಿಸನ್ನು ಹಿಂಪಡೆಯಲಾಗಿದೆ. ಷರತ್ತು 3 ರದ್ದು. ಕುರ್ಚಿಯನ್ನು ಕಂಬದ ಹಿಂದಕ್ಕೆ ಸ್ಥಳಾಂತರಿಸತಕ್ಕದ್ದು. ಅಲ್ಲಿ ವೈಸೇಯ ಅವರು ಕೂರತಕ್ಕದ್ದು.

6. ಹಗ್ಗ ಇದ್ದಂತೆಯೇ ಇರತಕ್ಕದ್ದು. ಕುರ್ಚಿಯಿದ್ದ ಜಾಗದಲ್ಲಿ ಚಾಪೆ ಹಾಸತಕ್ಕದ್ದು. ಅದು ಕಲಸಿ ಹಂಚಿದವರ ಸ್ಥಾನ. ದಿವಂಗತ ಸೈರುಸಿ ಅವರ ಹೆಸರನ್ನು ಹಾಜರಾತಿ ಪುಸ್ತಕಕ್ಕೆ ಸೇರಿಸಿ, ದಿನವೂ ಬೆಳಗ್ಗೆ ಅವರ ಹೆಸರಿನ ಮುಂದೆ 'ಹಾಜರು' ಎಂದು ಬರೆಯುವ ಹೊಣೆ ಮೊಮ್ಮಗನದು.

ಸಹಿ/-
ನಿರ್ದೇಶಕರು
(ನೆಲದ ಮೇಲೆ ಕುಳಿತು ಸಹಿ ಮಾಡಲಾಗಿದೆ)

ಪ್ರತಿಗಳು:
1. ಗೋಡೆಗೆ, ವಿಷಾದದೊಂದಿಗೆ.
2. ಮೂರನೇ ಕೊಠಡಿಯ ಚಿತ್ರಗಳಿಗೆ, ತಾಳ್ಮೆ ಕೋರಿ.
3. ಶ್ರೀಮತಿ ಮೇರೆಸೇಯಿನಿ ಅವರಿಗೆ, ಇನ್ನು ಮುಂದೆ ಬಟ್ಟಲು ಮುಟ್ಟದಂತೆ.
4. ಸೇತುವೆಯ ಅಜ್ಜಿಗೆ. ವಿಷಯ ಪರಿಶೀಲನೆಯಲ್ಲಿದೆ.
5. ಶ್ರೀ ಸೈರುಸಿ ಅವರಿಗೆ. ಹಗ್ಗದ ತುದಿಯಲ್ಲಿ, ಚಾಪೆಯ ಮೇಲೆ ಇಡತಕ್ಕದ್ದು.