ಎಪ್ಪತ್ತನೆಯ ದಿನದ ಆಲೂಗಡ್ಡೆ

ಆಲೂಗಡ್ಡೆ ಕೀಳುವುದಕ್ಕೆ ಬುದ್ಧಿ ಬೇಕಿಲ್ಲ, ಕ್ಯಾಲೆಂಡರ್ ಇದ್ದರೆ ಸಾಕು! ಹೀಗೆಂದು ನಾನು ಒಂದು ಭಾನುವಾರ ಬೆಳಿಗ್ಗೆ, ಎಡಗೈಯಲ್ಲಿ ಚಹಾದ ಲೋಟ, ಬಲಗೈಯಲ್ಲಿ ಬಿತ್ತನೆ ಗಡ್ಡೆಯ ಖಾಲಿ ಚೀಲ ಹಿಡಿದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಚೀಲದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: "ಎಳೆಯ ಗಡ್ಡೆಗೆ ಎಪ್ಪತ್ತು ದಿನ." ಅಂದು ಎಪ್ಪತ್ತನೆಯ ದಿನ. ನಾನು ಬಸ್ಸುಗಳ ವೇಳಾಪಟ್ಟಿ ತಯಾರಿಸುವ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಸವೆದವನು. ಅಚ್ಚಾದ ಅಂಕಿಯನ್ನು ನಾನೇ ನಂಬದಿದ್ದರೆ ಇನ್ನಾರು ನಂಬಬೇಕು!

ಹೆಂಡತಿ ತೊಳೆಯುತ್ತಿದ್ದ ಪಾತ್ರೆಯಿಂದ ತಲೆ ಎತ್ತಲಿಲ್ಲ.

"ಹೂವೇ ಬಂದಿಲ್ವಲ್ರೀ ಇನ್ನೂ. ಹೂ ಬಿಟ್ಟು ಉದುರೋಕೆ ಶುರುವಾದ್ಮೇಲೆ ಅಪ್ಪ ಪಕ್ಕದಿಂದ ಮಣ್ಣೊಳಗೆ ಕೈ ಹಾಕಿ ತಡವಿ ನೋಡೋರು. ಕೋಳಿಮೊಟ್ಟೆಯಷ್ಟಿದ್ರೆ ಒಂದೆರಡು ತೆಗೆಯೋರು. ಇಲ್ದಿದ್ರೆ ಮಣ್ಣು ಮುಚ್ಚಿ ಸುಮ್ನಾಗೋರು."

"ತಡವೋದು, ಮುಚ್ಚೋದು! ಇದೇನು ಆಲೂಗಡ್ಡೆಯೋ, ಕಳ್ಳಸಾಗಣೆಯೋ?"

"ಮೂರು ವಾರದಿಂದ ಬಿಸಿಲೇ ಇಲ್ಲ. ಗಿಡಕ್ಕೂ ತಡವಾಗುತ್ತೆ, ನಿಮ್ಮ ಬಸ್ಸಿನ ಥರ."

"ನನ್ನ ಪಟ್ಟಿಯಲ್ಲಿ ಯಾವ ಬಸ್ಸೂ ತಡವಾಗಲ್ಲ!"

"ಪಟ್ಟಿಯಲ್ಲಿ ಆಗಲ್ಲ, ನಿಲ್ದಾಣದಲ್ಲಿ ಆಗುತ್ತೆ." ಅವಳು ಕೈ ಒರೆಸಿಕೊಂಡು, ಔಷಧಿ ಅಂಗಡಿಗೆ ಹೋಗಲು ಚೀಲ ಎತ್ತಿಕೊಂಡಳು. ಬಾಗಿಲಲ್ಲಿ ತಿರುಗಿ, ದನಿ ತಗ್ಗಿಸಿ ಹೇಳಿದಳು: "ಅದನ್ನ ಮುಟ್ಬೇಡಿ. ಅಪ್ಪ ಕೊನೇದಾಗಿ ತಮ್ಮ ಕೈಯಾರೆ ಮಾಡಿದ ಕೆಲಸ ಅದು."

ಹೌದು, ಆ ಪಾತಿ ಮಾವನವರದು. ಕಿಟಕಿಯ ಕೆಳಗೆ ಎರಡು ಸಾಲು, ಹನ್ನೆರಡು ಗಿಡ. ಗಡ್ಡೆ ಊರಿದ ಆರನೆಯ ದಿನ ಅವರು ಬಚ್ಚಲಲ್ಲಿ ಕುಸಿದರು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಬಂದಾಗ ಬಲಗೈ, ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ಮಾತೋ, ಒಂದೇ ಒಂದು ಉಳಿದಿತ್ತು: "ಆಯ್ತು." ಊಟ ಮಾಡ್ತೀರಾ? ಆಯ್ತು. ನೋವಿದೆಯಾ? ಆಯ್ತು. "ನಾನು ಯಾರು ಹೇಳಿ ಅಪ್ಪ?" ಎಂದು ಮಗಳು ಮಂಡಿಯೂರಿ ಕೇಳಿದರೂ ಆಯ್ತು. ಆಮೇಲೆ ಅವಳು ಬಚ್ಚಲಿಗೆ ಹೋಗಿ, ನಲ್ಲಿ ಪೂರ್ತಿ ತಿರುಗಿಸಿ, ಬಹಳ ಹೊತ್ತು ಮುಖ ತೊಳೆಯುತ್ತಿದ್ದಳು. ನಮ್ಮ ಮನೆಯಲ್ಲಿ ನೀರು ವಿಪರೀತ ಖರ್ಚಾಗುತ್ತಿದ್ದ ದಿನಗಳವು.

ಮಾವ ನಲವತ್ತು ವರ್ಷ ದರ್ಜಿಯಾಗಿದ್ದವರು. ಮದುವೆಯಾದಾಗಿನಿಂದ ಅವರು ನನ್ನನ್ನು ಅಳಿಯ ಎಂದು ಕರೆದದ್ದಕ್ಕಿಂತ ಕಣ್ಣಲ್ಲೇ ಅಳೆದದ್ದು ಹೆಚ್ಚು! ಪ್ರತಿ ಸಲವೂ ನಾನು ಎಲ್ಲೋ ಒಂದಿಂಚು ಕಮ್ಮಿ. ಅವರ ಗಡ್ಡೆಯನ್ನು ಬುಟ್ಟಿ ತುಂಬ ಕಿತ್ತು ತಂದು ಅವರ ಮಡಿಲಲ್ಲಿಟ್ಟು, ಆ ಒಂದಿಂಚನ್ನು ಒಂದೇ ಏಟಿಗೆ ತುಂಬಿಕೊಳ್ಳಬೇಕೆಂದು ನನಗೆ ಆಸೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ ಯಾರಾದರೂ ಒಂದು ಸಲ ನಗಬೇಕಾಗಿತ್ತು.

ಹೆಂಡತಿ ಗೇಟು ದಾಟಿದಳು. ನಾನು ಮಾವನವರು ಕುಳಿತಿದ್ದ ಕಿಟಕಿಯ ಬಳಿ ಹೋದೆ.

"ಮಾವ, ಗಡ್ಡೆ ಕೀಳ್ಲಾ?"

"ಆಯ್ತು."

ಹಿರಿಯರ ಅಪ್ಪಣೆ! ಇನ್ನೇನು ಬೇಕು? ಅವರು ಕಣ್ಣು ಮುಚ್ಚಿದರು. ನಾನು ಗುದ್ದಲಿ ಎತ್ತಿದೆ.

ಮೊದಲ ಗಿಡ ಸಲೀಸಾಗಿ ಬಂತು. ಗಡ್ಡೆ ಇರಬೇಕಾದಲ್ಲಿ ಬರೀ ಗಡ್ಡವಿತ್ತು! ಬಿಳಿಯ ಬೇರಿನ ಸೊಂಪಾದ ಗಡ್ಡ, ನಡುವೆ ಬಿತ್ತಿದ ಹಳೆಯ ತುಂಡು ಮೆತ್ತಗೆ ಕೊಳೆತು ನಾರುತ್ತಿತ್ತು. ತುದಿಯಲ್ಲಿ ಬಟಾಣಿಯಂಥ ಎರಡು ಗುಂಡುಗಳು. ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಇದೊಂದು ಬಂಜೆ ಗಿಡವೆಂದು ತೀರ್ಮಾನಿಸಿ ಎರಡನೆಯದನ್ನು ಕಿತ್ತೆ. ಅದೂ ಹಾಗೇ. ಮೂರನೆಯದು ನನ್ನ ಮಾನ ಉಳಿಸಲಿ ಎಂದು ಕಿತ್ತೆ. ನಾಲ್ಕನೆಯದನ್ನು ಸಿಟ್ಟಿಗೆ ಕಿತ್ತೆ. ಏಳನೆಯದನ್ನು ಕಣ್ಣು ಮುಚ್ಚಿಕೊಂಡು ಕಿತ್ತೆ. ಹನ್ನೆರಡನ್ನೂ ಕಿತ್ತು, ಸಿಕ್ಕಿದ್ದನ್ನೆಲ್ಲ ಒಟ್ಟುಮಾಡಿದರೆ ಒಂದು ಚಹಾದ ಲೋಟ ಅರ್ಧ ತುಂಬಿತು.

ಆಕಾಶ ಹಳೆಯ ಪಾತ್ರೆಯ ತಳದಂತೆ ಮಂಕಾಗಿತ್ತು. ಹೆಂಡತಿ ಬರಲು ಹತ್ತೇ ನಿಮಿಷ. ನಾನು ಹನ್ನೆರಡು ಗಿಡಗಳನ್ನೂ ಮತ್ತೆ ನಿಲ್ಲಿಸಿ, ಮಣ್ಣು ಒತ್ತಿ, ವಾಲಿದವಕ್ಕೆ ಕಡ್ಡಿ ಕಟ್ಟಿ, ನೀರು ಹೊಯ್ದೆ. ಲೋಟವನ್ನು ಚಪ್ಪಲಿ ಗೂಡಿನ ಹಿಂದೆ ಅಡಗಿಸಿದೆ. ಹೊರಗಿನಿಂದ ನೋಡಿದರೆ ಪಾತಿ ಸುಖವಾಗಿತ್ತು, ಅವತ್ತಿನ ಮಟ್ಟಿಗೆ.

ಮಂಗಳವಾರಕ್ಕೆ ಎಲೆಗಳು ಜೋತುಬಿದ್ದವು.

"ಯಾಕ್ರೀ ಹೀಗೆ ಬಾಡ್ತಿದೆ?" ಹೆಂಡತಿಯ ದನಿ ಒಡೆದಿತ್ತು.

ಅವಳ ಮುಖ ನೋಡಿ ನಿಜ ಹೇಳಲು ಬಾಯಿ ತೆರೆದೆ. ಬಾಯಿ ತನ್ನ ಪಾಡಿಗೆ ತಾನು ಬೇರೆಯದನ್ನೇ ಹೇಳಿತು: "ಬಾಡೋದೇ ಒಳ್ಳೇ ಲಕ್ಷಣ! ಮೇಲೆ ಒಣಗಿದ್ರೆ ಕೆಳಗೆ ಬಲಿತಿದೆ ಅಂತ ಅರ್ಥ!"

ಎಷ್ಟೋ ವಾರಗಳ ಮೇಲೆ ಅವಳ ಕಣ್ಣು ಬೆಳಗಿತು. ನೇರವಾಗಿ ಹೋಗಿ ಮಾತಿನ ಟೀಚರ್‌ಗೆ ಫೋನ್ ಮಾಡಿದಳು. ಮಾವನವರಿಗೆ ಮತ್ತೆ ಮಾತು ಕಲಿಸಲು ವಾರಕ್ಕೊಮ್ಮೆ ಬರುತ್ತಿದ್ದ ಆಕೆ, ಅವರು ಪ್ರೀತಿಸುವ ಕೆಲಸವನ್ನು ಕಣ್ಣೆದುರು ಮಾಡಿದರೆ ಪದಗಳು ಮರಳಬಹುದು ಎನ್ನುತ್ತಿದ್ದರು. ಗುರುವಾರ, ಟೀಚರ್ ಎದುರಿಗೆ, ಮಾವನವರ ಸಮ್ಮುಖದಲ್ಲಿ ಗಡ್ಡೆ ಕೀಳುವುದೆಂದು ನಿಶ್ಚಯವಾಯಿತು.

ಬುಧವಾರ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ತರಕಾರಿಯವಳ ಮುಂದೆ ನಿಂತಿದ್ದೆ.

"ಎಳೇ ಆಲೂಗಡ್ಡೆ ಇದೆಯಾ? ಮಣ್ಣು ಹತ್ಕೊಂಡಿರೋದು?"

"ಎಲ್ರೂ ಮಣ್ಣಿಲ್ದೇ ಇರೋದು ಕೇಳ್ತಾರೆ, ನೀವೊಬ್ರು!" ಎಂದು ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಳೇದು ಈಗೆಲ್ಲಿ ಸ್ವಾಮಿ? ಈ ಕೆಂಪು ಸಿಪ್ಪೆದಿದೆ, ತಗೊಳ್ಳಿ. ಮಣ್ಣು ಬೇಕಿದ್ರೆ ರಸ್ತೆಯಲ್ಲಿದೆ."

ಕೊಂಡುತಂದೆ. ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಒಂದೊಂದು ಗಿಡದ ಬುಡಕ್ಕೂ ಐದೈದರಂತೆ ಹೂತೆ. ವೇಳಾಪಟ್ಟಿಯವನ ಕೈ, ಅಂತರ ಕೂಡ ಸಮ! ಕೈ ತೊಳೆದು ತಲೆ ಎತ್ತಿದರೆ ಕಿಟಕಿಯಲ್ಲಿ ಮಾವ. ಕಣ್ಣು ಮುಚ್ಚಿತ್ತು. ನಿಟ್ಟುಸಿರು ಬಿಟ್ಟೆ.

ಗುರುವಾರ ಸೋನೆ ಹಿಡಿದಿತ್ತು. ಒಣ ದಿನ ನೋಡಿ ಅಗೆಯಬೇಕಂತೆ, ಆದರೆ ಟೀಚರ್‌ಗೆ ಬೇರೆ ದಿನ ಪುರುಸೊತ್ತಿರಲಿಲ್ಲ. ಗಾಲಿಕುರ್ಚಿಗೆ ಕೊಡೆ ಕಟ್ಟಿದೆವು. ಹೆಂಡತಿ ಸೆರಗು ಸಿಕ್ಕಿಸಿ ಬಗ್ಗಿದಳು. ಮೊದಲ ಗಿಡ ಮುಟ್ಟಿದ ಕೂಡಲೇ ಕೈಗೆ ಬಂತು. ಕೆಳಗೆ ಐದು ಕೆಂಪು ಗಡ್ಡೆ, ಒಂದೊಂದೂ ಮುಷ್ಟಿಗಾತ್ರ!

"ಅಪ್ಪಾ, ನೋಡಿ ಅಪ್ಪಾ! ನೀವು ಹಾಕಿದ್ದು!" ಅವಳು ಅಳುತ್ತ ನಗುತ್ತಿದ್ದಳು. ಎರಡನೆಯ ಗಿಡಕ್ಕೂ ಐದು. ಮೂರನೆಯದಕ್ಕೂ ಐದು. ನಾಲ್ಕನೆಯದರ ಹೊತ್ತಿಗೆ ಅವಳ ನಗು ನಿಧಾನವಾಯಿತು. "ಅಪ್ಪ ಬಿಳೀದಲ್ವಾ ಹಾಕಿದ್ದು?"

"ಮಣ್ಣಿನ ಗುಣ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಮಾವ ಎಡಗೈ ಚಾಚಿದರು. ಅವಳು ಒಂದು ಗಡ್ಡೆ ಕೊಟ್ಟಳು. ಬಟ್ಟೆಯ ನೇಯ್ಗೆ ಪರೀಕ್ಷಿಸುವವರಂತೆ ಅವರು ಹೆಬ್ಬೆರಳಿನಿಂದ ಅದರ ಸಿಪ್ಪೆ ಉಜ್ಜಿದರು. ಎಳೆಯದಾದರೆ ಅಷ್ಟಕ್ಕೇ ಸಿಪ್ಪೆ ಸುಲಿಯಬೇಕು. ಸುಲಿಯಲಿಲ್ಲ. ಮತ್ತೆ ಉಜ್ಜಿದರು. ಗಡ್ಡೆಯನ್ನು ಬಿಟ್ಟು ನನ್ನನ್ನು ನೋಡಿದರು. ತುಟಿ ಓರೆಯಾಗಿ ಅದುರಿತು, ಕತ್ತಿನ ನರ ಉಬ್ಬಿತು.

"ಸು... ಸುಳ್ಳ."

ಅವರು ಇನ್ನೊಂದು ಸಲ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿದರು.

"ನೋಡ್ದೆ."

"ಎರಡು ಪದ!" ಟೀಚರ್ ತಮ್ಮ ಕೊಡೆ ಕೈಬಿಟ್ಟು ಚಪ್ಪಾಳೆ ತಟ್ಟಿದರು. "ಎರಡೂ ಹೊಸದು! ಎರಡೂ ಸರಿಯಾದ ಜಾಗದಲ್ಲಿ!"

ಹೆಂಡತಿ ಅಪ್ಪನ ಕೊರಳನ್ನು ತಬ್ಬಿ ಬಿಕ್ಕಿದಳು. ಆಮೇಲೆ, ಆ ಪದಗಳ ಅರ್ಥ ಹೊಳೆದು, ತಲೆ ಎತ್ತಿದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಬೈದಿದ್ದರೆ ಹಗುರಾಗುತ್ತಿದ್ದೆ, ಅವಳು ಬೈಯಲಿಲ್ಲ. ಸತ್ತ ಗಿಡವೊಂದನ್ನು ಹಿಡಿದು ಮಳೆಯಲ್ಲಿ ನಿಂತು ಕೇಳಿದಳು, "ಅಪ್ಪ ಬೆಳೆದಿದ್ದು ಎಲ್ಲಿ?"

ಲೋಟ ತಂದುಕೊಟ್ಟೆ. ಅವಳು ಆ ಬಟಾಣಿಗಳನ್ನು ತೊಳೆದು, ಉಪ್ಪು ಹಾಕಿ ಬೇಯಿಸಿ, ಬಟ್ಟಲಲ್ಲಿ ತಂದು, ಒಂದೊಂದಾಗಿ ಅಪ್ಪನ ಬಾಯಿಗಿಟ್ಟಳು. ಅವರು ಕಣ್ಣು ಮುಚ್ಚಿ, ನಿಧಾನವಾಗಿ, ಒಂದನ್ನೂ ಬಿಡದೆ ತಿಂದರು. ಎಪ್ಪತ್ತು ದಿನ ಕಾದ ಬೆಳೆ ಆರು ನಿಮಿಷಕ್ಕೆ ಮುಗಿಯಿತು. ನಾನು ಬಾಗಿಲ ಪಕ್ಕ ಒದ್ದೆ ಬಟ್ಟೆಯಲ್ಲಿ ನಿಂತಿದ್ದೆ. ಇನ್ನು ಈ ಜನ್ಮದಲ್ಲಿ ಅವರೆದುರು ಗುದ್ದಲಿ ಹಿಡಿಯುವುದಿಲ್ಲವೆಂದು ಮನಸ್ಸಿನಲ್ಲೇ ಆಣೆ ಮಾಡಿದೆ.

ಅಷ್ಟರಲ್ಲಿ ಟೀಚರ್ ತಮ್ಮ ಪುಸ್ತಕದಲ್ಲಿ ಏನೋ ಬರೆದು ಮುಗಿಸಿ ನನ್ನ ಕಡೆ ತಿರುಗಿದರು.

"ಇಷ್ಟು ದಿನ ಚಿತ್ರ ತೋರಿಸ್ದೆ, ಹಾಡು ಹೇಳ್ದೆ, ಏನೂ ಆಗ್ಲಿಲ್ಲ. ನಿಮ್ಮನ್ನ ನೋಡಿದ್ರೆ ಇವ್ರಿಗೆ ಮಾತು ಬರುತ್ತೆ. ಇನ್ಮೇಲೆ ದಿನಾ ಅರ್ಧ ಗಂಟೆ ಇವ್ರ ಕಣ್ಣೆದುರು ನೀವೇನಾದ್ರೂ ಕೆಲಸ ಮಾಡ್ಬೇಕು."

"ಯಾವ ಕೆಲಸ?" ಎಂದೆ ಕ್ಷೀಣವಾಗಿ.

"ಯಾವುದಾದ್ರೂ ಸರಿ," ಎಂದರು ಆಕೆ, "ನಿಮಗೆ ಚೆನ್ನಾಗಿ ಬರುತ್ತೆ ಅಂತ ನೀವು ಅಂದ್ಕೊಂಡಿರೋದು."