ಅಜ್ಜಿಗೆ ಕಟ್ಟಿಸಿದ ಸೈಡ್ ಕಾರು

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೀಗೆ ಒಪ್ಪಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ಆಮೇಲೆ ಉಳಿದವರನ್ನೆಲ್ಲ ನಿಶ್ಚಿಂತೆಯಿಂದ ಬೈಯಬಹುದು. ನಾನು ಬೈಯಬೇಕಾದವರು ಬಹಳ ಜನ ಇದ್ದಾರೆ.

ನನಗೊಂದು ಚಟವಿದೆ. ಸಿಗರೇಟು, ಇಸ್ಪೀಟು ಅಲ್ಲ; ಅವಾಗಿದ್ದರೆ ಮನೆಯವರು ಗುಟ್ಟಾಗಿಟ್ಟು ಹೇಗೋ ಮರ್ಯಾದೆ ಉಳಿಸಿಕೊಳ್ಳುತ್ತಿದ್ದರು. ನನ್ನದು ಕಂಡಕಂಡವರ ದನಿ ತೆಗೆಯುವ ಚಟ. ನಮ್ಮ ಕಚೇರಿಯ ಹೆಡ್ ಗುಮಾಸ್ತರು ರಜೆ ಇಲ್ಲ ಎನ್ನುವುದಕ್ಕೆ ಮುಂಚೆ ಮೂರು ಸಲ ಕೆಮ್ಮುತ್ತಾರೆ. ಆ ಕೆಮ್ಮನ್ನು ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ಒಮ್ಮೆ ಅವರಿಲ್ಲದಾಗ ಸುಮ್ಮನೆ ಕೆಮ್ಮಿದ್ದಕ್ಕೆ ಪಕ್ಕದ ಕೋಣೆಯ ಇಬ್ಬರು ಬರೆಯುತ್ತಿದ್ದ ಅರ್ಜಿ ಹರಿದು ಹಾಕಿದರು. ನನ್ನನ್ನೇ ನಾನು ಬಿಟ್ಟವನಲ್ಲ. ಹೆಡ್ ಗುಮಾಸ್ತರ ಎದುರು ನಿಂತಾಗ ನನ್ನ ಗಂಟಲಿನಿಂದ ಹೊರಡುವ ಮೇಕೆಮರಿಯ ದನಿಯನ್ನೂ ಗೆಳೆಯರಿಗೆ ಮಾಡಿ ತೋರಿಸುತ್ತೇನೆ. ಅದಕ್ಕೇ ಹೆಚ್ಚು ನಗುತ್ತಾರೆ, ಪಾಪಿಗಳು.

ಆ ವರ್ಷ ನಮ್ಮ ಬೀದಿಯ ಗಣೇಶನ ಮುಂದೆ ನಾನು ಜಟಕಾ ಪಾಪಣ್ಣನ ದನಿ ತೆಗೆದೆ. ಜಟಕಾ ಎಂದರೆ ಎರಡೇ ಚಕ್ರದ ಗಾಡಿ. ಹಿಂದೆ ಭಾರ ಹೆಚ್ಚಾದರೆ ಕುದುರೆ ಕಟ್ಟುವ ಮೂಕಿ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಕುದುರೆಯ ಬೆನ್ನು ಬಗ್ಗುತ್ತದೆ. ಅದಕ್ಕೇ ಪಾಪಣ್ಣ ಜನರನ್ನು ತಕ್ಕಡಿಯ ಕಲ್ಲುಗಳ ಹಾಗೆ ಜೋಡಿಸುತ್ತಿದ್ದ. "ಮುಂದಕ್ ಜರೀರವ್ವಾ... ಇನ್ನೊಂಚೂರು... ಅಯ್ಯೋ, ಅಷ್ಟೊಂದ್ ಬ್ಯಾಡಿ, ಕುದ್ರೆ ಮ್ಯಾಲೇ ಕೂತ್ಕಂಡ್ಬುಡ್ತೀರಾ! ದಪ್ಪನ್ ಸ್ವಾಮೇರು ಒಸಿ ಇಂದಕ್ಕೋಗಿ!" ಬೀದಿಯೆಲ್ಲ ಬಿದ್ದುಬಿದ್ದು ನಕ್ಕಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಬರೆಯುವ ಕಷ್ಟ ಇರುತ್ತಿರಲಿಲ್ಲ. ಚಪ್ಪಾಳೆ ತಲೆಗೇರಿ, ಪಾಪಣ್ಣನ ಕುದುರೆ ಪಾಪಣ್ಣನಿಗೆ ಏನು ಉತ್ತರ ಕೊಡಬಹುದು ಎಂಬುದನ್ನೂ ಮಾಡಿಬಿಟ್ಟೆ. ಜನರ ಹಿಂದೆ ಪಾಪಣ್ಣ ನಿಂತಿದ್ದ.

ಮರುದಿನ ಬೆಳಿಗ್ಗೆ ಅವನು ನಮ್ಮ ಬಾಗಿಲಿಗೆ ಬಂದು ಹೇಳಿದ್ದು ಇಷ್ಟೇ. "ನನ್ನ ಆಡ್ಕಂಡ್ರಿ, ಸರಿ. ಆ ಮೂಗ್ ಪ್ರಾಣಿ ನಿಮ್ಗೇನ್ ಮಾಡಿತ್ತು ಸ್ವಾಮಿ? ಇನ್ಮ್ಯಾಕೆ ನನ್ ಗಾಡಿ ನಿಮ್ ಮನೆ ಬಾಗ್ಲಲ್ಲಿ ನಿಲ್ಲಾಕಿಲ್ಲ." ನಿಲ್ಲದಿದ್ದರೆ ಬೇಡ, ಜಟಕಾ ಅವನೊಬ್ಬನದೇ ಅಲ್ಲವಲ್ಲ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಜಟಕಾ ಸ್ಟ್ಯಾಂಡಿನ ಕಟ್ಟಳೆ ಹಾಗಲ್ಲ. ಒಬ್ಬ ಬೇಡ ಎಂದ ಮನೆಗೆ ಅಲ್ಲಿಯ ಇನ್ನೊಬ್ಬ ಬರುವುದಿಲ್ಲ. ಹಿಂದಿನ ದಿನ ಹೊಟ್ಟೆ ಹಿಡಿದು ನಕ್ಕಿದ್ದ ಜಟಕಾದವರೇ ನನ್ನನ್ನು ಕಂಡರೆ ಕುದುರೆಯ ಕಡೆ ತಿರುಗಿಕೊಂಡು ಮೈ ಉಜ್ಜತೊಡಗಿದರು. ನಗುವಾಗ ಎಲ್ಲರೂ ಪಾಲುದಾರರು, ಶಿಕ್ಷೆಗೆ ನಾನೊಬ್ಬ. ಇದು ಯಾವ ನ್ಯಾಯ?

ಶಿಕ್ಷೆ ನನಗಾದರೂ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ನಾನು ಕಚೇರಿಗೆ ನಡೆದೇ ಹೋಗುವವನು. ಆದದ್ದು ನಮ್ಮ ಅಜ್ಜಿಗೆ. ಅಜ್ಜಿಯ ತಂಗಿ ನೀಲಜ್ಜಿ ಸೊಂಟ ಮುರಿದುಕೊಂಡು ಊರಾಚೆಯ ಬೋಗಾದಿಯಲ್ಲಿದ್ದ ಮಗನ ಮನೆಯಲ್ಲಿ ಮಂಚ ಹಿಡಿದಿದ್ದಳು. ಪ್ರತಿ ಶನಿವಾರ ಮಧ್ಯಾಹ್ನ ಅಜ್ಜಿ ಪಾಪಣ್ಣನ ಜಟಕಾದಲ್ಲಿ ಹೋಗಿ, ಮಂಚದ ಅಂಚಿಗೆ ಹಲಗೆ ಇಟ್ಟು, ತಂಗಿಯ ಜೊತೆ ಚೌಕಾಬಾರ ಆಡಿ ಬರುತ್ತಿದ್ದಳು. ಮಂಡಿ ಬಗ್ಗದ ಅಜ್ಜಿ ಹತ್ತಲೆಂದು ಪಾಪಣ್ಣ ಸೀಟಿನ ಕೆಳಗೆ ಒಂದು ಮಣೆಯನ್ನೇ ಇಟ್ಟುಕೊಂಡಿದ್ದ. ಬಸ್ಸಿನ ಕಂಡಕ್ಟರು ಯಾರಿಗೆ ಮಣೆ ಹಾಕುತ್ತಾನೆ? ಮೂರು ಶನಿವಾರ ಕಳೆಯಿತು. ಬೋಗಾದಿಯಿಂದ ಬರುವ ಹಾಲಿನವನ ಕೈಲಿ ನೀಲಜ್ಜಿ ಹೇಳಿ ಕಳಿಸಿದಳು: ಅರ್ಧಕ್ಕೆ ನಿಂತ ಆಟ ಹಾಗೇ ಇದೆ, ಕಾಯಿ ಯಾರೂ ಮುಟ್ಟಿಲ್ಲ, ಅಕ್ಕ ಸೋಲಿಗೆ ಹೆದರಿ ಬರುತ್ತಿಲ್ಲವೇನು? ಅಜ್ಜಿ ನನ್ನನ್ನು ಒಮ್ಮೆ ನೋಡಿದಳು. "ನಾಲಿಗೆ ನಿಂದು, ಮಂಡಿ ನಂದು. ಯಾರಿಗೆ ಏಟು ಬಿತ್ತು ನೋಡಿದ್ಯೇನೋ?"

ಕ್ಷಮೆ ಕೇಳಲು ಸ್ಟ್ಯಾಂಡಿಗೆ ಹೋಗಲಿಲ್ಲ ಎಂದುಕೊಳ್ಳಬೇಡಿ. ಹೋದೆ. ಹೆದರಿಕೆಯಲ್ಲಿ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಎದುರಿಗಿದ್ದವರ ದನಿ ತಾನಾಗಿ ಹತ್ತಿಕೊಂಡುಬಿಡುತ್ತದೆ. "ತೆಪ್ಪಾಗೋಯ್ತು ಕಣಪ್ಪೋ, ವಟ್ಟೇಗಾಕ್ಕಬುಡು" ಎಂದು ಸಾಕ್ಷಾತ್ ಪಾಪಣ್ಣನ ದನಿಯಲ್ಲೇ ಪಾಪಣ್ಣನ ಕ್ಷಮೆ ಕೇಳಿದೆ. ಅವನು ಚಾವಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ನಾನು ಬಂದುಬಿಟ್ಟೆ.

ಉಳಿದಿದ್ದದ್ದು ನನ್ನ ಮೋಟಾರ್ ಸೈಕಲ್. ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಮಾಲು. ಸೋದರಮಾವ ಕೊಂಡು, ಒದ್ದು ಒದ್ದು ಕಾಲು ಉಳುಕಿಸಿಕೊಂಡು, ವಾತ್ಸಲ್ಯದಿಂದ ನನಗೆ ದಾಟಿಸಿದ್ದು. ಅದರ ಹಿಂದಿನ ಸೀಟಿನಲ್ಲಿ ಅಜ್ಜಿ ಕೂರುವ ಮಾತೇ ಇರಲಿಲ್ಲ. ಪಕ್ಕಕ್ಕೊಂದು ಸೈಡ್ ಕಾರು ಕಟ್ಟಿಸಿದರೆ? ಹೊಸದು ನನ್ನ ಯೋಗ್ಯತೆಗೆ ಮೀರಿದ್ದು. ಅಗ್ಗದಲ್ಲಿ ಮಾಡಿಕೊಡುತ್ತೇನೆಂದು ಮುಂದೆ ಬಂದವನು ದೇವರಾಜ ಮೊಹಲ್ಲಾದ ಚೆಲುವಯ್ಯ. ಅವನ ಕಸುಬು ಮದುವೆಗೆ ಕೊಡುವ ತಗಡಿನ ಟ್ರಂಕು ಮಾಡುವುದು. ಮೋಟಾರ್ ಸೈಕಲ್ಲಿನ ಸುತ್ತ ಮೂರು ಸಲ ಸುತ್ತಿ, "ಇದೇನ್ ಮಹಾ ಸ್ವಾಮಿ, ಮುಚ್ಚಳ ಇಲ್ದಿರೋ ಟ್ರಂಕು ತಾನೆ?" ಎಂದ.

ಅವನು ಮಾಡಿದ್ದೂ ಅಕ್ಷರಶಃ ಅದನ್ನೇ. ಬಣ್ಣದಲ್ಲಿ ಬರೆದ ಗೇಣುದ್ದದ ಗಿಳಿಗಳು, ಅವುಗಳ ನಡುವೆ ಕಮಲ, ಎರಡು ಕಡೆ ಹಿಡಿ, ಮುಂದೆ ಬೀಗದ ಕೊಂಡಿ ಸಮೇತ. ಚಕ್ರ ಮಾತ್ರ ಯಾವುದೋ ತಳ್ಳುಗಾಡಿಯದು. ಇಷ್ಟನ್ನು ಮೋಟಾರ್ ಸೈಕಲ್ಲಿನ ಎಡಕ್ಕೆ ನಾಲ್ಕು ಬೋಲ್ಟಿನಲ್ಲಿ ಬಿಗಿದು, ಒಂದು ಕಣ್ಣು ಮುಚ್ಚಿ ನೋಡಿ, "ನೆಟ್ಟಗದೆ" ಎಂದ. ನೆಟ್ಟಗಿರಲಿಲ್ಲ. ಕೈ ಸ್ವಲ್ಪ ಸಡಿಲ ಬಿಟ್ಟರೆ ಇಡೀ ವಾಹನ ಎಡಕ್ಕೇ ಎಳೆಯುತ್ತಿತ್ತು. ಮೊದಲ ದಿನವೇ ಎಲೆ ಅಡಿಕೆ ಅಂಗಡಿಯೊಂದರ ಒಳಗೆ ಅರ್ಧ ಹೋಗಿ ಬಂದೆ. ಇನ್ನು ಎಡಕ್ಕೆ ತಿರುಗಿಸಿದರೆ ಖಾಲಿ ಟ್ರಂಕು ಚಕ್ರ ಸಮೇತ ಗಾಳಿಗೆ ಏಳುತ್ತಿತ್ತು. ದೂರು ಒಯ್ದರೆ ಚೆಲುವಯ್ಯ ತಲೆಯನ್ನೂ ಎತ್ತಲಿಲ್ಲ. "ಹೊಸ ಗಾಡಿ ಕಟ್ಟುದ್ರೆ ಕುದ್ರೆನೂ ನಾಕ್ ದಿನ ಎಳೀತದೆ ಸ್ವಾಮಿ, ಆಮ್ಯಾಕೆ ಒಗ್ಗೋಯ್ತದೆ." ಕಬ್ಬಿಣ ಒಗ್ಗುವುದನ್ನು ಕಾಯಲೆಂದು ನಾನು ಅಡುಗೆಮನೆಯ ರುಬ್ಬುಗುಂಡನ್ನು ಟ್ರಂಕಿನಲ್ಲಿ ಕೂರಿಸಿಕೊಂಡು ತಿರುಗಿದೆ. ಮನೆಯಲ್ಲಿ ಒಂದು ವಾರ ದೋಸೆ ಇಲ್ಲ. ಬೀದಿಯ ಪ್ರತಿ ಜಗಲಿಯಿಂದಲೂ ಒಂದೊಂದು ಸಲಹೆ ಬಂತು: ಗಾಳಿ ಕಮ್ಮಿ, ಗಾಳಿ ಜಾಸ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿಲ್ಲ. "ಹೆಣ್ಣು ಗೊತ್ತಾಯ್ತೇನಪ್ಪ? ಟ್ರಂಕು ಆಗ್ಲೇ ತಂದ್ಬುಟ್ಟಿದ್ದೀಯ!" ಎಂದವರೂ ಉಂಟು. ಮೂರು ಕಾಸಿನ ಸಹಾಯ ಮಾಡದವರಿಗೆ ಎಷ್ಟೊಂದು ವಿದ್ಯೆ!

ಶನಿವಾರ ಬಂತು. ರುಬ್ಬುಗುಂಡು ಇಳಿಸಿ ಅಜ್ಜಿಯನ್ನು ಏರಿಸಿದೆ. ಅಜ್ಜಿ ಗಿಳಿಗಳನ್ನು ನೋಡಿ, ವಿಭೂತಿ ಸರಿಮಾಡಿಕೊಂಡು, ತಂಗಿಗೆಂದು ಕಟ್ಟಿದ್ದ ಕೋಡುಬಳೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, "ಬೀಗ ಗೀಗ ಹಾಕ್ಬುಟ್ಟೀಯ, ಹುಷಾರು" ಎಂದಳು. ಊರು ದಾಟುವವರೆಗೆ ಎಲ್ಲ ಸುಖವೇ. ಬೋಗಾದಿಯ ದಾರಿಯಲ್ಲಿ ರಸ್ತೆ ಎಡಕ್ಕೆ ಹೊರಳುವ ಕಡೆ ಟ್ರಂಕಿನ ಚಕ್ರ ನೆಲ ಬಿಟ್ಟಿತು. ನಲವತ್ತು ವರ್ಷ ಜಟಕಾದಲ್ಲಿ ಕೂತ ಹೆಂಗಸು ಏನು ಮಾಡುತ್ತಾಳೆ? ಗಾಡಿ ಎದ್ದ ಹಾಗಾದರೆ ಮುಂದಕ್ಕೆ ಜರುಗಬೇಕು. ಯಾರೂ ಕೇಳದೆಯೇ ಅಜ್ಜಿ ಮುಂದಕ್ಕೆ ಜರುಗಿದಳು. ಆ ಕ್ಷಣ ನನ್ನ ಬಾಯಿಂದ, ನಗಿಸಲೆಂದು ಅಲ್ಲ, ಜೀವಭಯದಿಂದ ಹೊರಟ ಕೂಗು ಇದು: "ಇಂದಕ್ ಜರೀರವ್ವಾ! ಎಡಕ್ಕೆ, ಎಡಕ್ಕೆ! ಅಯ್ಯೋ, ಅಷ್ಟೊಂದ್ ಮುಂದಕ್ ಬ್ಯಾಡಿ!" ಬೋಲ್ಟುಗಳಲ್ಲಿ ಎರಡು ಕಳಚಿದವು. ಟ್ರಂಕು ನನ್ನನ್ನೂ ಎಳೆದುಕೊಂಡು ಬೇಲಿಯ ಬದಿಯ ಹುಲ್ಲಿನಲ್ಲಿ ಮೆಲ್ಲಗೆ ಒರಗಿ ಕೂತಿತು. ಅಜ್ಜಿಗೆ ಒಂದು ಗೀರೂ ಇಲ್ಲ, ಕೋಡುಬಳೆಯೂ ಮುರಿದಿರಲಿಲ್ಲ. ಚೆಲುವಯ್ಯನ ತಗಡಿನ ಬಗ್ಗೆ ನಾನು ಆಡಬಹುದಾದ ಒಂದೇ ಒಳ್ಳೆಯ ಮಾತು ಅದು.

ಅಷ್ಟರಲ್ಲಿ ಹಿಂದಿನಿಂದ ಬರುತ್ತಿದ್ದ ಗೊರಸಿನ ಸದ್ದು ನಿಂತಿತು. ತಿರುಗಿ ನೋಡಿದರೆ ಪಾಪಣ್ಣ. ನನ್ನ ಕೂಗು ಅವನಿಗೆ ಪೂರ್ತಿ ಕೇಳಿಸಿತ್ತು ಎಂಬುದು ಅವನ ಮೀಸೆಯ ಅಲುಗಾಟದಲ್ಲೇ ತಿಳಿಯಿತು. ಅವನು ಕೆಳಗಿಳಿದು, ಸೀಟಿನ ಕೆಳಗಿನಿಂದ ಮಣೆ ತೆಗೆದು ನೆಲಕ್ಕೆ ಹಾಕಿದ. ಮಣೆ ಇನ್ನೂ ಅಲ್ಲೇ ಇತ್ತು!

"ನಮ್ಮನೇರ್ನ ಹತ್ತಿಸ್ಕೊಳಾಕಿಲ್ಲ ಅಂದಿದ್ಯಲ್ಲೋ ಪಾಪಣ್ಣ?" ಎಂದಳು ಅಜ್ಜಿ, ಆಗಲೇ ಮಣೆಯ ಮೇಲೆ ಒಂದು ಕಾಲಿಟ್ಟು.

"ಬಾಗ್ಲಲ್ಲಿ ನಿಲ್ಸಾಕಿಲ್ಲ ಅಂದಿದ್ದೆ ಕಣವ್ವ. ಇದು ಬೇಲಿ."

ಅಜ್ಜಿ ಹತ್ತಿದಳು, ಹೇಳುವ ಮುಂಚೆಯೇ ಎಷ್ಟು ಬೇಕೋ ಅಷ್ಟು ಮುಂದಕ್ಕೆ ಜರುಗಿ ಕೂತಳು. ಕುದುರೆ ನನ್ನ ಕಡೆ ಕತ್ತು ಹೊರಳಿಸಿ ಮೂಗಿನಲ್ಲೊಂದು ಸದ್ದು ಮಾಡಿತು. ಗಣೇಶನ ಮುಂದೆ ನಾನು ಮಾಡಿದ್ದು ಏನೇನೂ ಸರಿಯಿರಲಿಲ್ಲವೆಂದು ಆಗ ತಿಳಿಯಿತು. ಜಟಕಾ ಹೊರಡುವ ಹಾಗಾದಾಗ ನಾನು ಹಲ್ಲು ಕಿರಿದು, ಈ ಸಲ ನನ್ನ ಸ್ವಂತ ಮೇಕೆಮರಿಯ ದನಿಯಲ್ಲೇ ಕೇಳಿದೆ, "ಪಾಪಣ್ಣ, ನಾನು ಏನು ಮಾಡಲಿ?"

ಪಾಪಣ್ಣ ಲಗಾಮು ಎತ್ತಿಕೊಂಡು ಹೇಳಿದ: "ನಿಮ್ಗೆ ನಾನ್ಯಾಕೆ ಸ್ವಾಮಿ? ನನ್ ದನಿ ನಿಮ್ತಾವೇ ಅದಲ್ಲ. ಅದ್ರಲ್ಲೇ ಒಂದ್ಸಲ ಗದರ್ಸಿ ನೋಡಿ, ನಿಮ್ ಟ್ರಂಕು ಎದ್ದು ನಡ್ಕಂಡ್ ಬಂದ್ರೂ ಬತ್ತದೆ."